ರಿಬ್ಬನ್ ಕಟ್ಟಿದ ಮಿಷನ್‌ಗಳು

ಹೊಲಿಗೆ ಕಲಿಸುವುದು ಕಷ್ಟದ ಕೆಲಸವಲ್ಲ. ಕಲಿತವರ ಕೈಗೆ ಒಂದು ಮಿಷನ್ ಕೊಡಿಸುವುದಿದೆಯಲ್ಲ, ಅಂಥ ತಲೆನೋವನ್ನು ನಾನು ಜನ್ಮದಲ್ಲಿ ಇನ್ನೊಂದು ಕಂಡಿಲ್ಲ.

ಎರಡು ಸಾವಿರದ ದಶಕದ ನಡುವಿನ ಮಾತು. ಬಸವೇಶ್ವರನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ಬ್ಲೌಸ್ ಹೊಲಿಯುತ್ತಿದ್ದೆ. ಲಗ್ಗೆರೆಯ ಒಂದು ಮಹಿಳಾ ಸಂಘದ ಅಧ್ಯಕ್ಷರು ಹುಡುಕಿಕೊಂಡು ಬಂದು, ಹೆಂಗಸರಿಗೆ ಆರು ತಿಂಗಳ ಉಚಿತ ಹೊಲಿಗೆ ತರಬೇತಿ ಮಾಡ್ತಿದೀವಿ, ನೀವೇ ಟೀಚರಾಗಿ ಬರಬೇಕು ಅಂದರು. ಬಂದ ಅಧ್ಯಕ್ಷರು ಗಂಡಸು. ಮಹಿಳಾ ಸಂಘಕ್ಕೆ ನೀವು ಹೇಗೆ ಅಧ್ಯಕ್ಷರು ಅಂತ ಕೇಳಿದ್ದಕ್ಕೆ, "ಗೌರವಾಧ್ಯಕ್ಷ ಮೇಡಂ" ಅಂತ ತಿದ್ದಿದರು. ಗೌರವವಿಲ್ಲದ ಅಧ್ಯಕ್ಷರು ಯಾರೆಂದು ಕೊನೆಯವರೆಗೂ ನನಗೆ ತಿಳಿಯಲಿಲ್ಲ.

ಅವರು ಆ ಊರಿನ ಹಳೇ ಒಕ್ಕಲು ಮನೆತನದವರು. ಹೊಲವೆಲ್ಲ ಸೈಟಾಗಿ, ಸೈಟೆಲ್ಲ ಬಾಡಿಗೆ ಮನೆಗಳಾಗಿ, ಈಗ ಬೆಳಗಾದರೆ ಬಿಳಿ ಷರ್ಟ್ ಹಾಕಿಕೊಂಡು ಸ್ಕೂಟರಿನಲ್ಲಿ ಹೊರಟರೆ ದೀಪ ಹಚ್ಚುವ ಹೊತ್ತಿಗೇ ವಾಪಸ್ಸು. ಕೆಟ್ಟವರಲ್ಲ. ತಮ್ಮ ಮನೆಗೆ ಅಂಟಿಕೊಂಡ ಹಾಲನ್ನು ತರಬೇತಿಗೆ ಪುಕ್ಕಟೆ ಬಿಟ್ಟುಕೊಟ್ಟಿದ್ದರು. ಆದರೆ ಯಾವ ಕೆಲಸಕ್ಕೂ ಒಂದು ಸಮಾರಂಭ ಆಗಲೇಬೇಕು ಅನ್ನುವ ಹುಚ್ಚು ಅವರಿಗಿತ್ತು. ತರಬೇತಿ ಶುರುವಾದ ದಿನ ಮೊದಲ ಹೊಲಿಗೆ ಹಾಕಿದವರೂ ಯಾರೋ ಅತಿಥಿಗಳೇ. ಆ ಮನುಷ್ಯ ಸೂಜಿ ಮುರಿದು ಹೋದ.

ಕಲಿಯಲು ಬಂದವರಲ್ಲಿ ಬಾಗಲಕೋಟೆ ಕಡೆಯ ಒಬ್ಬ ಹುಡುಗಿ ಇದ್ದಳು. ಗಂಡ ಪೀಣ್ಯದಲ್ಲಿ ಲೇತ್ ಆಪರೇಟರ್, ಅಂಗನವಾಡಿಗೆ ಹೋಗುವ ಒಂದು ಮಗು. ಬಂದ ಹೊಸದರಲ್ಲಿ ಅವಳಿಗೆ ಕತ್ತರಿ ಹಿಡಿಯಲೂ ಭಯ. ಆರು ತಿಂಗಳಲ್ಲಿ ಕಾಲರ್ ಇಡುವುದನ್ನು ನನ್ನಷ್ಟೇ ಸಲೀಸಾಗಿ ಕಲಿತುಬಿಟ್ಟಳು. ಪರೀಕ್ಷೆ ಮುಗಿಯುವಷ್ಟರಲ್ಲಿ ತಾನೇ ಹೋಗಿ ಪಕ್ಕದ ಬೀದಿಯ ಒಂದು ಸಣ್ಣ ಕಾನ್ವೆಂಟಿನ ಯೂನಿಫಾರಂ ಆರ್ಡರನ್ನೂ ಹಿಡಿದುಕೊಂಡು ಬಂದಳು. ನನಗೆ ಎಷ್ಟು ಖುಷಿಯಾಯಿತೆಂದರೆ ಅವತ್ತು ಎಲ್ಲರಿಗೂ ಬೇಕರಿಯಿಂದ ಖಾರಾ ಬನ್ ತರಿಸಿದೆ.

"ಇದು ಹತ್ತಿತಂದ್ರ ಮನ್ಯಾಗ ಕುಂತು ಹೊಲೀತೀನ್ರಿ ಟೀಚರ. ಹತ್ತಲಿಲ್ಲಂದ್ರ ಜೂನ್‌ನಿಂದ ಗಾರ್ಮೆಂಟ್ಸಿಗೆ ಹೋಗು ಅಂದಾರ ನಮ್ಮ ಮನಿಯವ್ರು. ಕೂಸಿನ್ನ ಊರಿಗೆ ಅತ್ತಿ ಕಡೆ ಕಳಸ್ತಾರಂತ," ಅಂದಳು. ಹೇಳುವಾಗ ನಗುತ್ತಲೇ ಇದ್ದಳು, ಕೈ ಮಾತ್ರ ಟೇಪನ್ನು ಸುತ್ತಿ ಬಿಚ್ಚಿ ಮಾಡುತ್ತಿತ್ತು.

ತರಬೇತಿಯ ಮಿಷನ್‌ಗಳು ಬಾಡಿಗೆಯವು. ಪರೀಕ್ಷೆ ಮುಗಿದ ಮಾರನೇ ದಿನವೇ ಟೆಂಪೋದಲ್ಲಿ ಹೇರಿಕೊಂಡು ಹೋದರು. ಏಪ್ರಿಲ್ ಕೊನೆಯಲ್ಲಿ, ಪಾಸಾದವರಿಗೆ ಕೊಡಲೆಂದು ಹೊಚ್ಚ ಹೊಸ ಮಿಷನ್‌ಗಳು ಬಂದವು. ಹಾಲಿನ ತುಂಬ ಸಾಲಾಗಿ ನಿಲ್ಲಿಸಿದರು. ಪ್ರತಿಯೊಂದಕ್ಕೂ ಪ್ಲಾಸ್ಟಿಕ್ ಹೊದಿಕೆ, ಮೇಲೆ ಅಡ್ಡಡ್ಡ ಕೆಂಪು ರಿಬ್ಬನ್, ಚಕ್ರದ ಹತ್ತಿರ ಒಂದು ಹೂವಿನ ಗಂಟು. ಆಮೇಲೆ ಹಾಲಿಗೆ ಬೀಗ ಹಾಕಿದರು.

"ಸಾಹೇಬ್ರು ಬಂದು ಕೈಯಾರೆ ಕೊಡ್ಬೇಕು ಮೇಡಂ. ಮುಂದಿನ ಭಾನುವಾರ ಬರ್ತಾರೆ," ಅಂದರು ಗೌರವಾಧ್ಯಕ್ಷರು. ಸಾಹೇಬರೆಂದರೆ ಆ ಕಡೆಯ ಎಮ್ಮೆಲ್ಲೆ.

ಆ ಭಾನುವಾರ ಸಾಹೇಬರು ಊರಲ್ಲಿರಲಿಲ್ಲ. ಅದರ ಮುಂದಿನ ಭಾನುವಾರ ಅವರ ನೆಂಟರ ಮದುವೆ. ಆಮೇಲೆ ಬಿಸಿಲು ಜಾಸ್ತಿ. ಮೇ ಅರ್ಧ ಕಳೆಯಿತು. ಅತ್ತ ಕಾನ್ವೆಂಟಿನ ಹೆಡ್‌ಮಿಸ್ ನೀಲಿ ಬಟ್ಟೆಯ ಥಾನುಗಳನ್ನು ಇವಳ ಮನೆಗೆ ಕಳಿಸಿ, ಸ್ಕೂಲು ತೆರೆಯುವ ಹೊತ್ತಿಗೆ ಬಟ್ಟೆ ಕೈಗೆ ಬರದಿದ್ದರೆ ಮೇನ್ ರೋಡಿನ ಅಂಗಡಿಗೆ ಕೊಡುತ್ತೇವೆ ಅಂದುಬಿಟ್ಟಿದ್ದರು. ನನ್ನ ಮಿಷನ್ ಕೊಡೋಣವೆಂದರೆ ಮೇ ತಿಂಗಳ ಮದುವೆ ಬ್ಲೌಸುಗಳು ತಲೆ ಮೇಲೆ ಕೂತಿದ್ದವು. ಆದರೂ ಬಾ ಅಂದೆ. ಮಗುವನ್ನೂ ಬಟ್ಟೆಯ ಗಂಟನ್ನೂ ಎತ್ತಿಕೊಂಡು ಬಸ್ಸು ಬದಲಿಸಿ ಒಂದು ದಿನ ಬಂದಳು. ಮಗು ಬಸ್ಸಿನಲ್ಲಿ ವಾಂತಿ ಮಾಡಿಕೊಂಡಿತು. ಅಲ್ಲಿಗೆ ಅದೂ ಮುಗಿಯಿತು.

ನಾನು ಗೌರವಾಧ್ಯಕ್ಷರನ್ನು ರಸ್ತೆಯಲ್ಲೇ ಅಡ್ಡ ಹಾಕಿದೆ. "ಒಂದೇ ಒಂದು ಮಿಷನ್ ಈಗ ಕೊಡಿ ಸಾರ್. ಪಟ್ಟಿಯಲ್ಲಿ ಅವಳ ಹೆಸರು ಹೇಗಿದ್ದರೂ ಇದೆಯಲ್ಲ."

"ಈಗಲೇ ಕೊಟ್ಬಿಟ್ರೆ ಸಾಹೇಬ್ರು ಬಂದು ಏನ್ ಕೊಡ್ತಾರೆ ಮೇಡಂ?"

"ಬೇಕಾದರೆ ಅದೇ ಮಿಷನ್‌ಗೆ ಮತ್ತೆ ರಿಬ್ಬನ್ ಕಟ್ಟಿ ಕೊಡಲಿ."

"ಎಲ್ಲಾದ್ರೂ ಉಂಟಾ? ಉಪಯೋಗ್ಸಿದ್ ಮಿಷನ್ ಅವರ ಕೈಲಿ ಕೊಡ್ಸೋದಾ? ಮರ್ಯಾದೆ ಪ್ರಶ್ನೆ." ಸ್ಕೂಟರಿಗೆ ಕಿಕ್ ಹೊಡೆದು ಹೊರಟೇಬಿಟ್ಟರು. ನನಗೆ ಮೈಯೆಲ್ಲ ಉರಿದುಹೋಯಿತು. ಹೆಂಗಸರು ತಮ್ಮ ಕಾಲ ಮೇಲೆ ನಿಲ್ಲಬೇಕು ಅಂತ ಭಾಷಣ ಮಾಡಲು ಒಬ್ಬರು ಬರಬೇಕು, ಅವರು ಬರುವ ತನಕ ಈ ಹೆಂಗಸರು ಒಂಟಿ ಕಾಲಲ್ಲಿ ನಿಂತಿರಬೇಕು!

ಇದನ್ನೆಲ್ಲ ಅವರ ಹೆಂಡತಿ ಗೇಟಿನ ಬಳಿ ನಿಂತು ಕೇಳಿಸಿಕೊಂಡಿದ್ದರು. ಅಲ್ಲಿಯವರೆಗೆ ನನ್ನೊಡನೆ ಸರಿಯಾಗಿ ಮಾತೂ ಆಡದ, ಸದಾ ಮುಖ ಗಂಟು ಹಾಕಿಕೊಂಡಿರುವ ಹೆಂಗಸು. ಹತ್ತಿರ ಬಂದು, "ಮಿಷನ್ ಏನು ಮದುವೆ ಹೆಣ್ಣಾ, ಗಂಡು ಬರೋಗಂಟ ಸಿಂಗಾರ ಮಾಡ್ಕೊಂಡು ಕೂತಿರಕ್ಕೆ?" ಅಂದರು. ಗಣೇಶನ ಹಬ್ಬದ ಪಾತ್ರೆಗಳನ್ನು ಆ ಹಾಲಿನಲ್ಲೇ ಇಡುತ್ತಿದ್ದುದರಿಂದ ಇನ್ನೊಂದು ಬೀಗದ ಕೈ ಅವರ ಸೊಂಟದಲ್ಲಿತ್ತು. "ದಿನಾ ಹೊತ್ತು ಮುಳುಗೋ ಮುಂಚೆ ಮುಗ್ಸ್ಕೊಂಡ್ ಹೋಗ್ಬೇಕು. ರಿಬ್ಬನ್ ಬಿಚ್ಚಬ್ಯಾಡಿ, ನಮ್ಮೆಜಮಾನ್ರು ಅಳ್ತಾರೆ."

ರಿಬ್ಬನ್ ಬಿಚ್ಚದೆ ಚಕ್ರ ತಿರುಗುವುದಿಲ್ಲ. ಹಿಂದಿನ ಸಾಲಿನ ಒಂದು ಮಿಷನ್ನಿನ ರಿಬ್ಬನ್ನನ್ನು ನಾನು ಗಂಟು ಕೆಡದ ಹಾಗೆ ಮೆಲ್ಲಗೆ ಜಾರಿಸಿ, ಕೆಳಗೆ ಮಿಷನ್ನಿನ ಕಾಲಿಗೇ ತೊಡಿಸಿದೆ. ಉಳಿದ ಹೆಂಗಸರಿಗೂ ಹೇಳಿ ಕಳಿಸಿದೆ, ಬಂದು ಹೊಲಿಯಿರಿ ಅಂತ. ಬಾಗಿಲಲ್ಲಿ ಇಣುಕಿ, "ಗೊತ್ತಾಗಿ ನಮ್ ಹೆಸರು ಹೊಡೆದು ಹಾಕ್ಬಿಟ್ರೆ ಮಿಸ್?" ಅಂತ ಹೆದರಿ ವಾಪಸ್ ಹೋದರು. ಬಾಗಲಕೋಟೆಯವಳಿಗೆ ಭಯ ಇರಲಿಲ್ಲವೇ? ಇತ್ತು. ಆರ್ಡರ್ ಹೋದರೆ ಮಗು ದೂರ, ಸಿಕ್ಕಿಬಿದ್ದರೆ ಮಿಷನ್ ದೂರ. ಅವಳು ಮಗುವನ್ನು ಕಾಲ ಬಳಿ ಕೂರಿಸಿಕೊಂಡು ಪೆಡಲ್ ತುಳಿಯತೊಡಗಿದಳು. ಅಧ್ಯಕ್ಷರ ಹೆಂಡತಿ ಬಾಗಿಲಲ್ಲಿ ಕೂತು ಅವರೆಕಾಳು ಆರಿಸುವ ನೆಪದಲ್ಲಿ ಕಾವಲು ಕಾದರು. ಬಟ್ಟೆ ಹೊತ್ತಿಗೆ ಸರಿಯಾಗಿ ಕಾನ್ವೆಂಟಿಗೆ ಮುಟ್ಟಿತು, ರಿಬ್ಬನ್ ಮತ್ತೆ ಚಕ್ರಕ್ಕೆ ಏರಿತು. ಸ್ಕೂಲು ತೆರೆಯಿತು. ಬೀದಿಯಲ್ಲಿ ನೀಲಿ ಯೂನಿಫಾರಂ ಹಾಕಿಕೊಂಡ ಮಕ್ಕಳು ಸಾಲಾಗಿ ಹೋಗುವುದನ್ನು ನೋಡಿ ನಾನು ಬಸ್‌ಸ್ಟಾಪಿನಲ್ಲೇ ಅತ್ತುಬಿಟ್ಟೆ.

ಸಾಹೇಬರು ಜೂನಿನಲ್ಲೂ ಬರಲಿಲ್ಲ. ಆಮೇಲೆ ಆಷಾಢ, ಶುಭ ಕಾರ್ಯ ಮಾಡುವ ಹಾಗಿಲ್ಲ. ಶ್ರಾವಣದಲ್ಲಿ, ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ ಅಂತೂ ಬಂದರು. ಷಾಮಿಯಾನ, ಮೈಕು, ಪೇಟ, ಹಾರ. ನನ್ನ ವಿದ್ಯಾರ್ಥಿನಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅಷ್ಟರಲ್ಲಿ ಗಾರ್ಮೆಂಟ್ಸ್ ಸೇರಿಯಾಗಿತ್ತು. ಕೊರಳಲ್ಲಿ ಗುರುತಿನ ಚೀಟಿ ನೇತುಹಾಕಿಕೊಂಡೇ ಅರ್ಧ ದಿನದ ರಜೆಯಲ್ಲಿ ಓಡಿ ಬಂದಿದ್ದರು. ಇಡೀ ಷರ್ಟು ಹೊಲಿಯಲು ಕಲಿಸಿದ್ದೆ, ಅಲ್ಲಿ ದಿನವಿಡೀ ಬರೀ ತೋಳು ಜೋಡಿಸುತ್ತಿದ್ದರು. ಅವರ ಮಿಷನ್‌ಗಳು ಮನೆಗೆ ಹೋಗಿ ಟಿವಿ ಇಡುವ ಮೇಜಾದವು. ಇವತ್ತಿಗೂ ಅದನ್ನು ನೆನೆದರೆ ಸಿಟ್ಟು ಬರುತ್ತದೆ.

ಅವಳ ಸರದಿ ಬಂತು. ಹಿಂದಿನ ಸಾಲಿನ ಅದೇ ಮಿಷನ್ ಅವಳ ಪಾಲಿಗೆ ಬರುವ ಹಾಗೆ ನಾನು ಮೊದಲೇ ನೋಡಿಕೊಂಡಿದ್ದೆ. ಸಾಹೇಬರು ಮಿಷನ್ ಮೇಲೆ ಕೈಯಿಟ್ಟು ಫೋಟೋ ತೆಗೆಸಿಕೊಂಡು, ಎರಡು ಮಾತಾಡಮ್ಮ ಅಂತ ಮೈಕ್ ಮುಂದೆ ಹಿಡಿದರು.

"ಮಿಷನ್ ಭಾಳ ಚಲೋ ಐತ್ರಿ ಸಾಹೇಬ್ರ," ಅಂದಳು. "ದಪ್ಪ ಬಟ್ಟಿ ಹಾಕಿದ್ರ ಮಾತ್ರ ಕೆಳಗಿನ ದಾರ ಸಿಕ್ಕೊಳ್ತೈತ್ರಿ."

ಸಾಹೇಬರು ನಕ್ಕರು. "ಈಗ ತಾನೇ ಕೊಟ್ಟೆ, ನಿಂಗೆ ಹೆಂಗಮ್ಮ ಗೊತ್ತಾಯ್ತು?"

ಬಾಯಿ ತಪ್ಪಿದ್ದು ಅವಳಿಗೆ ಆಗ ತಿಳಿಯಿತು. ಒಂದು ಕ್ಷಣ ನನ್ನ ಕಡೆ ನೋಡಿದಳು. ಆಮೇಲೆ ಮಿಷನ್ನನ್ನು ಗಟ್ಟಿಯಾಗಿ ಹಿಡಿದುಕೊಂಡು ಅಂದಳು: "ಸಾಲಿ ಯೂನಿಫಾರಂ ಹೊಲದೀನ್ರಿ ಇದರಾಗ. ಸಾಲಿ ಜೂನ್‌ನಾಗ ಚಾಲೂ ಆಗ್ತಾವಲ್ರೀ. ನೀವು ಈಗ ಬಂದೀರಿ."

ಗೌರವಾಧ್ಯಕ್ಷರು ಬೆವರು ಒರೆಸಿಕೊಳ್ಳುತ್ತಾ, "ಅದನ್ನ ಪಕ್ಕಕ್ಕೆ ಇಡ್ರೋ" ಅಂತ ಯಾರಿಗೋ ಕೈ ಮಾಡಿದರು. ಮುಂದಿನ ಸಾಲಿನಲ್ಲಿ ರೇಷ್ಮೆ ಸೀರೆ ಉಟ್ಟು ಕೂತಿದ್ದ ಅವರ ಹೆಂಡತಿ ಎದ್ದು ನಿಂತರು.

"ಯಾಕಿಡ್ಬೇಕು? ಬೀಗ ತೆಗೆದು ಕೊಟ್ಟೋಳು ನಾನು. ನನ್ನನ್ನೂ ಪಕ್ಕಕ್ಕೆ ಇಡ್ತೀರಾ?"

ಮೊದಲು ಹೆಂಗಸರು ನಕ್ಕರು, ಆಮೇಲೆ ಚಪ್ಪಾಳೆ ಬಿತ್ತು. ಸಾಹೇಬರೂ ಬೇರೆ ದಾರಿಯಿಲ್ಲದೆ ಚಪ್ಪಾಳೆ ತಟ್ಟಿ, ಮುಂದಿನ ವರ್ಷ ಸ್ಕೂಲು ತೆರೆಯುವ ಮುಂಚೆಯೇ ಬರುತ್ತೇನೆ ಅಂತ ಮೈಕಿನಲ್ಲಿ ಮಾತು ಕೊಟ್ಟರು. ಸಂಜೆ ಅವಳು ಗಂಡನ ಜೊತೆ ಮಿಷನ್ನನ್ನು ಆಟೋಗೆ ಹತ್ತಿಸಿಕೊಂಡು ಹೋದಳು. ಮಗು ಅವಳ ತೊಡೆಯ ಮೇಲಿತ್ತು.

ಮಾರನೇ ವರ್ಷ ಸಾಹೇಬರು ಜೂನಿಗೆ ಮುಂಚೆ ಬರಲಿಲ್ಲವೆಂದು ಬೇರೆ ಹೇಳಬೇಕೇ? ಆದರೆ ಮೇ ತಿಂಗಳ ಮೊದಲಲ್ಲೇ ಗೌರವಾಧ್ಯಕ್ಷರಿಂದ ನನಗೆ ಫೋನ್ ಬಂತು.

"ಮಿಷನ್ ಬಂದಿವೆ ಮೇಡಂ. ಸಾಹೇಬ್ರ ಡೇಟು ಇನ್ನೂ ಸಿಕ್ಕಿಲ್ಲ. ನಿಮ್ ಹುಡುಗೀರ್ಗೆ ಬರೋಕ್ ಹೇಳಿ. ರಿಬ್ಬನ್ ಈ ಸಲ ಕಾಲಿಗೇ ಕಟ್ಸಿದೀನಿ."