ಕಾರ್ಡಿನಲ್ಲಿ ಬಂದ ಗಿರಾಕಿ

ಕಥೆ ಬರೆಯುವವನಿಗೆ ಲೋಕದ ಕಸುಬೆಲ್ಲ ತಾನಾಗಿಯೇ ಬರುತ್ತದೆ ಎಂಬ ಭ್ರಮೆ ನನಗೆ ಬಹಳ ದಿನ ಇತ್ತು. ಒಂದು ಕಥೆಯಲ್ಲಿ ಕೂತಲ್ಲೇ ಕೂತು ಹಡಗು ನಡೆಸಿದ್ದೇನೆ. ಸಮುದ್ರ ಕಂಡದ್ದು ಕ್ಯಾಲೆಂಡರಿನಲ್ಲಿ. ಇನ್ನೊಂದು ಕಥೆಯಲ್ಲಿ ವೈದ್ಯನಾಗಿ ಮೂವರನ್ನು ಬದುಕಿಸಿದ್ದೇನೆ. ಮನೆಯಲ್ಲಿ ಮಗಳಿಗೆ ನೆಗಡಿಯಾದರೆ ಹೆಂಡತಿ ನನ್ನನ್ನು ಹತ್ತಿರ ಸೇರಿಸುವುದಿಲ್ಲ. ಯಾವ ಹಡಗಿನವನೂ ನಮ್ಮೂರು ಬಮ್ಮಿಗಟ್ಟಿಗೆ ಬಂದು ಜಗಳ ತೆಗೆಯಲಿಲ್ಲವಾದ್ದರಿಂದ ನನ್ನ ಧೈರ್ಯ ಬೆಳೆಯುತ್ತಲೇ ಹೋಯಿತು.

ಎಪ್ಪತ್ತರ ದಶಕದ ಆ ವರ್ಷಗಳಲ್ಲಿ ನಾನು ಬಮ್ಮಿಗಟ್ಟಿಯ ಸಾಲೆಯಲ್ಲಿ ವಿಜ್ಞಾನದ ಮಾಸ್ತರ. ಹೆಂಡತಿ ಬಿಟ್ಟುಹೋದ ಕಂಬಾರನೊಬ್ಬನ ಕಥೆ ಬರೆದೆ. ಅವನು ದುಃಖ ನುಂಗಿಕೊಂಡು ಎತ್ತಿನ ಚಕ್ಕಡಿಯ ಗಾಲಿಯ ಸುತ್ತ ಕಬ್ಬಿಣದ ಪಟ್ಟಿ, ಅಂದರೆ ಹಳಿ, ಹಾಕುತ್ತಾನೆ. ಸಲೀಸಾಗಿ ಸೇರಲೆಂದು ಹಳಿಯನ್ನು ಗಾಲಿಗಿಂತ ತುಸು ದೊಡ್ಡದು ಮಾಡಿ, ಕಣ್ಣೊರೆಸಿಕೊಳ್ಳುತ್ತ, ಕಾಯಿಸದೆಯೇ ಬಡಿದು ಕೂರಿಸುತ್ತಾನೆ. ಓದಿಕೊಂಡು ನಾನೇ ಮೂಗು ಸೀಟಿಕೊಂಡೆ. ವಾರಪತ್ರಿಕೆಗೆ ಕಳಿಸುವ ಮೊದಲು, ಹೊಗಳಿಸಿಕೊಳ್ಳುವ ಆಸೆಯಿಂದ, ಊರ ಹನುಮಂತದೇವರ ಗುಡಿಯ ಬಾಜು ಇದ್ದ ಕಂಬಾರ ಯಲ್ಲಪ್ಪನ ಕುಲುಮೆಗೆ ಹೋಗಿ ಓದಿ ಹೇಳಿದೆ.

ಯಲ್ಲಪ್ಪ ತಿದಿ ಒತ್ತುವುದನ್ನು ನಿಲ್ಲಿಸಿ ಪೂರ್ತಿ ಕೇಳಿದ. ಊರಿಗಿರುವವನು ತಾನೊಬ್ಬನೇ ಕಂಬಾರ. ಕಥೆ ಅಚ್ಚಾದರೆ ಮಂದಿ ತನ್ನದೇ ಎಂದು ತಿಳಿಯುತ್ತಾರೆ ಎಂದ. ಹೆಂಡತಿಯ ಸಂಗತಿ ನೋಯಿಸಿತೇನೋ ಎಂದು ನಾನು ತಪ್ಪಾಯಿತು ಅನ್ನಲು ಹೊರಟೆ.

“ಹೇಣ್ತಿ ಓಡಿ ಹೋದ್ಲು ಅಂತ ಬೇಕಾದ್ರ ಬರ್ಕೊಳ್ರಿ ಮಾಸ್ತರ. ಆಕಿ ಒಳಗ ರೊಟ್ಟಿ ಬಡಿಯಾಕತ್ತಾಳ, ಊರಿಗೆಲ್ಲ ಗೊತ್ತೈತಿ,” ಎಂದ. “ಸಡ್ಲ ಹಳಿ ಹಾಕಿದೆ ಅಂತ ಮಾತ್ರ ಬರೀಬ್ಯಾಡ್ರಿ. ನಮ್ಮಪ್ಪನ ಕಾಲದಿಂದ ಆ ಮಾತು ನಮ್ಮ ಮನಿಗೆ ಬಂದಿಲ್ಲ.”

ಹಳಿ ಗಾಲಿಗಿಂತ ಒಂದು ಬೆರಳು ಸಣ್ಣದೇ ಇರಬೇಕಂತೆ. ಸೆಗಣಿ ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿದರೆ ಹಿಗ್ಗುತ್ತದೆ; ಗಾಲಿಗೆ ತೊಡಿಸಿ ನೀರು ಹೊಯ್ದರೆ ಕುಗ್ಗಿ ಕಟ್ಟಿಗೆಯನ್ನು ಬಿಗಿಹಿಡಿಯುತ್ತದೆ. ಕೇಳುತ್ತ ಕೇಳುತ್ತ ನನ್ನ ಕಿವಿ ಬಿಸಿಯಾದವು. ಲೋಹ ಕಾದರೆ ಹಿಗ್ಗುತ್ತದೆ ಎಂದು ಹನ್ನೊಂದು ವರ್ಷ ಗುಂಡು-ಬಳೆಯ ಉಪಕರಣ ಹಿಡಿದು ಕಲಿಸಿದವನು ನಾನೇ. ಪರೀಕ್ಷೆಯಲ್ಲಿ ಗಾಲಿಯ ಹಳಿಯ ಉದಾಹರಣೆ ಬರೆದವರಿಗೆ ಅಂಕ ಕೊಟ್ಟವನೂ ನಾನೇ. ಆ ಜ್ಞಾನವನ್ನು ದಿನಾ ಸಂಜೆ ಸಾಲೆಯ ಕಪಾಟಿನಲ್ಲಿಟ್ಟು ಕೀಲಿ ಹಾಕಿ ಮನೆಗೆ ಬರುತ್ತಿದ್ದೆ ಎಂದು ಕಾಣುತ್ತದೆ.

ಮುಂದಿನ ಎರಡು ರವಿವಾರ ಕುಲುಮೆಯಲ್ಲೇ ಕಳೆದೆ. ಕುಳ್ಳು ಒಟ್ಟಿದೆ, ನೀರು ಹೊತ್ತೆ, ಧೋತರದ ಅಂಚು ಸುಟ್ಟುಕೊಂಡೆ. ನೀರು ಬಿದ್ದೊಡನೆ ಗಾಲಿಯ ಕಟ್ಟಿಗೆಗಳು ಲಟಲಟನೆ ಬಿಗಿದುಕೊಳ್ಳುವ ಸದ್ದು ಕೇಳಿದೆ. ಕಥೆಯ ಕಂಬಾರನಿಗಾಗಿ ನಾನು ಎರಡು ಪುಟ ಕಣ್ಣೀರು ಹರಿಸಿದ್ದೆ. ಅದನ್ನೆಲ್ಲ ಹೊಡೆದುಹಾಕಿ ಹಳಿ ಬಿಗಿದದ್ದನ್ನಷ್ಟೇ ಬರೆದೆ. ದುಃಖ ತಾನಾಗಿ ಬಂತು. ಯಲ್ಲಪ್ಪ ಮತ್ತೊಮ್ಮೆ ಕೇಳಿ, “ಈಗ ಹೂಡ್ರಿ ಚಕ್ಕಡಿ,” ಎಂದ.

ಹಳಿಯ ಭಾಗ ಉದ್ದವಾಯಿತು, ಕತ್ತರಿಸಲೇ ಎಂದು ಸಂಪಾದಕರು ಬರೆದರು. ಕತ್ತರಿಸುವುದಾದರೆ ಕಥೆಯನ್ನೇ ತಿರುಗಿ ಕಳಿಸಿರಿ ಎಂದೆ. ಜನ್ಮದಲ್ಲಿ ಸಂಪಾದಕರಿಗೆ ನಾನು ಎದುರಾಡಿದ್ದು ಅದೊಂದೇ ಸಲ. ಕಥೆ ಇಡಿಯಾಗಿ, ಕೆಳಗೆ ನನ್ನ ಹೆಸರು ಮತ್ತು ಊರಿನೊಂದಿಗೆ, ಅಚ್ಚಾಯಿತು.

ಕೆಲವು ದಿನಕ್ಕೆ ದೇವಿಕೊಪ್ಪದ ರೈತರೊಬ್ಬರ ಕಾರ್ಡು ಬಂತು. ಕಥೆ ಚಲೋ ಇದೆ, ಇಲ್ಲ ಎಂಬ ಒಂದಕ್ಷರವಿಲ್ಲ. ನಮ್ಮ ಚಕ್ಕಡಿಯ ಎರಡು ಗಾಲಿಗೆ ಹಳಿ ಹಾಕಿಸಬೇಕಾಗಿದೆ, ನಿಮ್ಮ ಕುಲುಮೆ ಊರಲ್ಲಿ ಯಾವ ಕಡೆಗಿದೆ ತಿಳಿಸಿರಿ ಎಂದಷ್ಟೇ ಇತ್ತು.

ಮುಚ್ಚಿಡುವುದೇಕೆ, ಎದೆ ಉಬ್ಬಿತು. ಅಂದೇ ಉತ್ತರ ಬರೆದೆ: ಹನುಮಂತದೇವರ ಗುಡಿಯ ಬಾಜು, ಯಾವ ದಿನ ಬಂದರೂ ನಡೆಯುತ್ತದೆ. ನಾನು ಕಂಬಾರನಲ್ಲ, ಬರೀ ಮಾಸ್ತರ ಎಂದು ಬರೆಯಲು ಕಾರ್ಡಿನಲ್ಲಿ ಇನ್ನೂ ಬೇಕಾದಷ್ಟು ಜಾಗವಿತ್ತು. ಮನಸ್ಸು ಬರಲಿಲ್ಲ.