ಹತ್ತೊಂಬತ್ತನೆಯ ನಂಬರಿನ ಅಂಗಿ

ಒಂದು ಸುಳ್ಳು ಹೇಳಿ, ಶಿವಲೀಲಾ ಎಂಬುವವರಿಗೆ ಸಿಗಬೇಕಾಗಿದ್ದ ಕೆಲಸವನ್ನು ನಾನು ನನ್ನದು ಮಾಡಿಕೊಂಡೆ. ಸುತ್ತಿ ಬಳಸಿ ಮಾತಾಡುವುದರಲ್ಲಿ ನಾನು ನಿಸ್ಸೀಮ — ಅದಕ್ಕೇ ಇದನ್ನು ಮೊದಲ ಸಾಲಿನಲ್ಲೇ ಬರೆದುಬಿಟ್ಟಿದ್ದೇನೆ, ಮುಂದೆ ಎಲ್ಲಿಯೂ ಜಾರಿಕೊಳ್ಳಲು ದಾರಿ ಇರಬಾರದೆಂದು. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಹೆಂಡತಿಗೂ ಹೇಳಿರಲಿಲ್ಲ.

ಆಗ ತುಮಕೂರು ರಸ್ತೆಯಲ್ಲಿ ಮೆಟ್ರೊ ಕಂಬಗಳು ಏಳುತ್ತಿದ್ದವು. ನಮ್ಮ ಆಫೀಸು ಪೀಣ್ಯದಲ್ಲಿ, ತಗಡು ಒತ್ತುವ ಒಂದು ವರ್ಕ್‌ಶಾಪಿನ ಮೇಲಿನ ಮಹಡಿಯಲ್ಲಿತ್ತು. ಕೆಳಗೆ ಯಂತ್ರ ಬಡಿದಾಗಲೆಲ್ಲ ಮೇಲೆ ನಮ್ಮ ಕಂಪ್ಯೂಟರುಗಳು ನಡುಗುತ್ತಿದ್ದವು. ಮಾಡುತ್ತಿದ್ದ ಕೆಲಸ ಕೇಳಿದರೆ ನಗುತ್ತೀರಿ. ಆಸ್ಟ್ರೇಲಿಯಾದ ರಗ್ಬಿ ಲೀಗ್ ಪಂದ್ಯಗಳನ್ನು ಪರದೆಯ ಮೇಲೆ ನೋಡುತ್ತ, ಯಾರು ಯಾರನ್ನು ಹಿಡಿದು ಕೆಡವಿದರು, ಯಾರ ಕೈಯಿಂದ ಚೆಂಡು ಜಾರಿತು ಎಂದು ಒಂದೊಂದನ್ನೂ ಆಟಗಾರನ ಹೆಸರಿಗೆ ಸೇರಿಸುತ್ತ ಹೋಗುವುದು. ಆ ಅಂಕಿಅಂಶ ಇಲ್ಲಿಂದ ಅಲ್ಲಿನ ಟೀವಿ ಚಾನೆಲ್ಲಿಗೆ ಹೋಗುತ್ತಿತ್ತು. ಜಾಲಹಳ್ಳಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಬೆಳೆದ ನಾನು ಕ್ರಿಕೆಟ್ ಬಿಟ್ಟು ಬೇರೆ ಆಟದ ಕಡೆ ತಿರುಗಿಯೂ ನೋಡಿದವನಲ್ಲ. ಮೊದಲ ವಾರ ನನಗೆ ಅರ್ಥವಾಗಿದ್ದು ಇಷ್ಟೇ — ದಪ್ಪ ದಪ್ಪ ಗಂಡಸರು ಒಬ್ಬರ ಮೇಲೊಬ್ಬರು ಬೀಳುತ್ತಿದ್ದಾರೆ, ಪಾಪ, ಏನು ಜಗಳವೋ.

ನನಗೆ ಆ ಆಟ ಅರ್ಥ ಮಾಡಿಸಿದವರು ಶಿವಲೀಲಾ. ಕೊಪ್ಪಳದ ಕಡೆಯವರು. ಕಾಲೇಜಿನಲ್ಲಿ ಕಬಡ್ಡಿ ಆಡಿದವರು. ನಾಗಸಂದ್ರದಲ್ಲಿ ಅಣ್ಣ ಅತ್ತಿಗೆಯ ಬಾಡಿಗೆ ಮನೆಯಲ್ಲಿದ್ದರು.

"ಇದು ನಮ್ಮ ಕಬಡ್ಡೀನ ರೀ, ಕೈಯಾಗ ಒಂದು ಚಂಡು ಕೊಟ್ಟಾರ ಅಷ್ಟ," ಎಂದರು ಮೊದಲ ದಿನವೇ. "ಆರು ಸಲ ಸಿಕ್ಕಿ ಬೀಳೂದರಾಗ ಗೆರಿ ಮುಟ್ಟಬೇಕು, ಇಲ್ಲಂದ್ರ ಚಂಡು ಎದುರಿನವ್ರಿಗೆ. ನೀವು ಮಾರಿ ನೋಡಬ್ಯಾಡ್ರಿ, ಕಾಲು ನೋಡ್ರಿ. ರಾಶಿ ಬಿದ್ದಾಗ ಮಾರಿ ಎಲ್ಲಿ ಕಾಣತೈತಿ?"

ಕಾಲು ನೋಡಲು ಕಲಿತೆ. ಕಲಿತ ಮೇಲೆ ಆ ರಾಶಿಯೊಳಗೆ ಮನುಷ್ಯರು ಕಾಣತೊಡಗಿದರು — ದಣಿದವನು, ನಟಿಸುವವನು, ಗೆಳೆಯನಿಗೆ ಬೀಳಬೇಕಾದ ಪೆಟ್ಟನ್ನು ತಾನು ತಿನ್ನುವವನು. ಅದು ನನ್ನ ಬದುಕಿನ ಅತ್ಯಂತ ಸುಖದ ಕಾಲವೆಂದು ಈಗ ಅನ್ನಿಸುತ್ತದೆ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಕೆಳಗೆ ಯಂತ್ರದ ಗುದ್ದು, ಪರದೆಯ ಮೇಲೆ ಯಾವುದೋ ದೂರದ ಊರಿನ ಹಸಿರು ಮೈದಾನ, ಪಕ್ಕದಲ್ಲಿ "ಹಿಡೀ, ಹಿಡೀ, ಬಿಡಬ್ಯಾಡ!" ಎಂದು ಕುರ್ಚಿಯಿಂದ ಏಳುವ ಶಿವಲೀಲಾ. ಆ ಸೀಸನ್ನಿನಲ್ಲಿ ಅವರು ನನಗೆ ಹೇಳಿಕೊಟ್ಟಷ್ಟನ್ನು ಯಾವ ಮೇಷ್ಟರೂ ಹೇಳಿಕೊಟ್ಟಿಲ್ಲ. ಈ ಋಣ ಮೊದಲು ಹೇಳಬೇಕು, ಉಳಿದದ್ದು ಆಮೇಲೆ.

ಉಳಿದದ್ದು — ಹೌದು, ಹೇಳುತ್ತೇನೆ.

ನಮ್ಮಲ್ಲಿ ಒಂದು ಪದ್ಧತಿ ಇತ್ತು. ಪ್ರತಿ ಪಂದ್ಯಕ್ಕೆ ಇಬ್ಬರು. ಒಬ್ಬರು ಕೀಲಿ ಒತ್ತಿ ದಾಖಲಿಸುವುದು, ಇನ್ನೊಬ್ಬರು ಪಕ್ಕದಲ್ಲಿ ಕೂತು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುವುದು. ಲೆಕ್ಕ ಹೋಗುತ್ತಿದ್ದದ್ದು ಮಾತ್ರ ನೋಡಿದವರ ಹೆಸರಿನಲ್ಲಿ. ತಪ್ಪು ಯಾರೇ ಮಾಡಲಿ, ಹೊಣೆ ನೋಡಿದವರದು.

ನಾವಿಬ್ಬರೂ ಆ ಒಂದು ಸೀಸನ್ನಿಗೆ ಮಾತ್ರ ತೆಗೆದುಕೊಂಡ ತಾತ್ಕಾಲಿಕ ನೌಕರರು. ಸೀಸನ್ ಮುಗಿದಾಗ ಒಬ್ಬರನ್ನು ಕಾಯಂ ಮಾಡುವುದಾಗಿ ಮ್ಯಾನೇಜರ್ ಮೂರ್ತಿ ಹೇಳಿದ್ದರು. ಆ ಒಬ್ಬರು ಯಾರೆಂದು ಚಹಾ ತರುವವರಿಗೂ ಗೊತ್ತಿತ್ತು. ಶಿವಲೀಲಾ ಅವರ ಮನೆಯಲ್ಲಿ ಕರಾರು ಆಗಿತ್ತು — ಕೆಲಸ ಕಾಯಂ ಆದರೆ ಬೆಂಗಳೂರು, ಇಲ್ಲದಿದ್ದರೆ ಊರಿಗೆ ಮರಳಿ ಮದುವೆ. ಇತ್ತ ನಮ್ಮಪ್ಪನ ಕಾರ್ಖಾನೆ ಮುಚ್ಚುವುದರಲ್ಲಿತ್ತು, ಕ್ವಾರ್ಟರ್ಸ್ ಬಿಡಬೇಕಿತ್ತು. ಇದನ್ನು ನೆಪವಾಗಿ ಹೇಳುತ್ತಿಲ್ಲ. ಅಂದು ನನ್ನ ತಲೆಯಲ್ಲಿ ಏನಿತ್ತೆಂದು ನಿಮಗೆ ತಿಳಿದಿರಲಿ ಅಷ್ಟೆ.

ಸೀಸನ್ನಿನ ಕೊನೆಗೆ ಒಂದು ದೊಡ್ಡ ಪಂದ್ಯ. ಕೀಲಿ ಒತ್ತುತ್ತಿದ್ದವನು ನಾನು, ನೋಡುತ್ತಿದ್ದವರು ಅವರು. ಹನ್ನೆರಡನೆಯ ನಂಬರಿನ ಆಟಗಾರನಿಗೆ ಹಣೆ ಒಡೆದು ಅಂಗಿಯೆಲ್ಲ ರಕ್ತವಾಯಿತು. ರಕ್ತದ ಅಂಗಿಯಲ್ಲಿ ಆಡುವಂತಿಲ್ಲ. ಹೊರಗೆ ಹೋಗಿ, ಹೊಲಿಗೆ ಹಾಕಿಸಿಕೊಂಡು, ಕೈಗೆ ಸಿಕ್ಕ ಬೇರೆ ಅಂಗಿ ತೊಟ್ಟು ಅವನು ವಾಪಸ್ಸು ಬಂದ. ಆ ಅಂಗಿಯ ಮೇಲೆ ಹತ್ತೊಂಬತ್ತು ಎಂದಿತ್ತು. ತಂಡದ ಪಟ್ಟಿಯಲ್ಲಿ ಹತ್ತೊಂಬತ್ತು ಬೇರೊಬ್ಬನ ನಂಬರು. ನಾನು ಹಿಂದೆ ಮುಂದೆ ನೋಡದೆ ಎಲ್ಲವನ್ನೂ ಆ ಬೇರೊಬ್ಬನ ಹೆಸರಿಗೆ ಸೇರಿಸುತ್ತ ಹೋದೆ. ಒಡೆದ ಹಣೆಯವನು ಅಂದು ಸಿಕ್ಕಸಿಕ್ಕವರನ್ನೆಲ್ಲ ಕೆಡವುತ್ತಿದ್ದ.

"ಅಂವ ಹತ್ತೊಂಬತ್ತು ಅಲ್ರೀ ರಘು, ಹನ್ನೆರಡನ ಅದಾನ," ಎಂದರು ಶಿವಲೀಲಾ. "ಅಂಗಿ ಬದಲಿ ಮಾಡ್ಕೊಂಡು ಬಂದಾನ. ಕಾಲು ನೋಡ್ರಿ."

"ಆಯ್ತು, ಕೊನೇಲಿ ಸರಿ ಮಾಡ್ತೀನಿ," ಎಂದೆ. ಒಳಗೊಳಗೆ ಸಿಟ್ಟು ಬಂದಿತ್ತು. ಎಷ್ಟು ಸಲ ತಿದ್ದಿಸಿಕೊಳ್ಳುವುದು — ಅದೂ ಅವರು ಹೇಳಿದ್ದು ಸರಿ ಎಂದು ಗೊತ್ತಿದ್ದೂ...

ಪಂದ್ಯ ಮುಗಿಯಿತು. ಕೆಳಗೆ ಆಫೀಸಿನ ವ್ಯಾನು ಹಾರ್ನ್ ಹೊಡೆಯುತ್ತಿತ್ತು. "ಸರಿ ಮಾಡಿದ್ರೇನು?" ಎಂದು ಕೇಳಿದರು. "ಮಾಡ್ದೆ" ಎಂದೆ. ಮಾಡಿರಲಿಲ್ಲ. ಅವರು ನನ್ನ ಮಾತು ನಂಬಿ, ತಮ್ಮ ಹೆಸರು ಹಾಕಿ ಕಳಿಸಿದರು.

ಆ ಪಂದ್ಯದಲ್ಲಿ ಅತಿ ಹೆಚ್ಚು ಜನರನ್ನು ಕೆಡವಿದ ಶೂರನೆಂದು ಅಲ್ಲಿನ ಟೀವಿ ಪಟ್ಟಿಯ ಹತ್ತೊಂಬತ್ತನೆಯವನ ಭಾವಚಿತ್ರ ತೋರಿಸಿತಂತೆ. ಆ ಮಹಾನುಭಾವ ಪಂದ್ಯದುದ್ದಕ್ಕೂ ಕೋಟು ತೊಟ್ಟು ಗ್ಯಾಲರಿಯಲ್ಲಿ ಕೂತು ಚಿಪ್ಸ್ ತಿನ್ನುತ್ತಿದ್ದನಂತೆ. ಆ ದೇಶವೆಲ್ಲ ನಕ್ಕಿತು. ನಮ್ಮ ಆಫೀಸಿನಲ್ಲಿ ಮಾತ್ರ ಯಾರೂ ನಗಲಿಲ್ಲ.

ಮೂರ್ತಿ ನಮ್ಮಿಬ್ಬರನ್ನೂ ಕರೆಸಿದರು. "ಏನ್ರೀ ಶಿವಲೀಲಾ, ನೀವು ನೋಡ್ಲಿಲ್ವಾ?"

"ನೋಡೀನಿ ಸಾರ್. ಇವ್ರಿಗೆ ಹೇಳೀನಿ."

ಮೂರ್ತಿ ನನ್ನ ಕಡೆ ತಿರುಗಿದರು. "ಹೇಳಿದ್ರೇನಯ್ಯಾ?"

ನಿಜ ಹೇಳಲು ಸಮಯವಿತ್ತು. ಯೋಚಿಸಲೂ ಸಮಯವಿತ್ತು — ಯೋಚಿಸಿಯೇ ಹೇಳಿದೆ.

"ಇಲ್ಲ ಸಾರ್. ಅವ್ರು ನಂಗೇನೂ ಹೇಳ್ಲಿಲ್ಲ."

ಶಿವಲೀಲಾ ನನ್ನನ್ನು ನೋಡಿದರು. ಸಿಟ್ಟಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಅವರು ಬೆರಗಾಗಿ ನೋಡಿದರು, ನಾನು ತಮಾಷೆ ಮಾಡುತ್ತಿದ್ದೇನೆ, ಈಗ ನಗುತ್ತೇನೆ ಎಂಬಂತೆ. ನಾನು ನೆಲ ನೋಡಿದೆ. ಅವರು ವಾದಿಸಲಿಲ್ಲ. ಮರುವಾರ ಅವರು ಕೆಲಸ ಬಿಟ್ಟು ಹೋದರು, ನನ್ನ ಕೆಲಸ ಕಾಯಂ ಆಯಿತು. ಅಮ್ಮ ಅಕ್ಕಪಕ್ಕದ ಮನೆಗಳಿಗೆಲ್ಲ ಕೇಸರಿಬಾತು ಹಂಚಿದಳು. ನಾನೂ ತಿಂದೆ, ಗಂಟಲಲ್ಲಿ ಸಲೀಸಾಗಿಯೇ ಇಳಿಯಿತು.

ಅದು ನನ್ನನ್ನು ಹಗಲಿರುಳು ಕಾಡಿತು ಎಂದು ಬರೆದರೆ ಇನ್ನೊಂದು ಸುಳ್ಳಾದೀತು. ಬಡ್ತಿ ಸಿಕ್ಕಿತು, ಮದುವೆಯಾಯಿತು, ಮನೆ ಕಟ್ಟಿದೆ. ಹೊಸಬರಿಗೆ ತರಬೇತಿ ಕೊಡುವ ವಿಭಾಗಕ್ಕೆ ಮುಖ್ಯಸ್ಥನಾದೆ. ಪ್ರತಿ ತಂಡಕ್ಕೂ "ಮುಖ ನೋಡಬೇಡಿ, ಕಾಲು ನೋಡಿ" ಎಂದು ಪಾಠ ಮಾಡುತ್ತಿದ್ದೆ. ಸಾರ್ ಎಷ್ಟು ಚೆನ್ನಾಗಿ ಹೇಳಿಕೊಡ್ತಾರೆ ಎಂದು ಅವರು ಹೊಗಳುತ್ತಿದ್ದರು. ಆಗ ಮಾತ್ರ ಒಂದು ಗಳಿಗೆ — ಬೇಡ ಬಿಡಿ.

ಕಳೆದ ತಿಂಗಳು ನಾಗಸಂದ್ರ ಮೆಟ್ರೊ ನಿಲ್ದಾಣದ ಮೆಟ್ಟಿಲಲ್ಲಿ ಟ್ರ್ಯಾಕ್‌ಸೂಟು ತೊಟ್ಟ ಹುಡುಗಿಯರ ಗುಂಪೊಂದು ಗಲಾಟೆ ಮಾಡುತ್ತ ಹತ್ತುತ್ತಿತ್ತು. ಹಿಂದೆ ಅವರನ್ನು ಗದರುತ್ತ ಬರುತ್ತಿದ್ದವರು ಶಿವಲೀಲಾ. ಕಣ್ಣು ತಪ್ಪಿಸಿಕೊಳ್ಳೋಣವೆಂದರೆ ಅವರೇ ಮೊದಲು ಕೂಗಿದರು.

"ರಘು ಅಲ್ರೀ ನೀವು! ಇನ್ನೂ ಆ ಆಟ ನೋಡ್ತೀರೇನು?"

ಊರಿಗೆ ಹೋಗಿದ್ದರಂತೆ, ಮದುವೆಯಾಯಿತಂತೆ, ಕೆಲವು ವರ್ಷ ಆದ ಮೇಲೆ ಗಂಡನೊಂದಿಗೆ ಮತ್ತೆ ಇಲ್ಲಿಗೇ ಬಂದರಂತೆ. ಮಾದನಾಯಕನಹಳ್ಳಿಯ ಗೋದಾಮಿನಲ್ಲಿ ಕೆಲಸ, ಸಂಜೆ ಈ ಹುಡುಗಿಯರಿಗೆ ಕಬಡ್ಡಿ. ಎಲ್ಲವನ್ನೂ ನಗುನಗುತ್ತ ಹೇಳಿದರು. ಹುಡುಗಿಯರಿಗೆ ನನ್ನನ್ನು ತೋರಿಸಿ, "ಇವ್ರು ನನ್ನ ಹಳೇ ಗೆಳೆಯಾರು" ಎಂದರು. ಗೆಳೆಯ ಎಂದರು. ಪ್ಲಾಟ್‌ಫಾರ್ಮಿಗೆ ಬಂದು ಹುಡುಗಿಯರು ಮುಂದೆ ಹೋದ ಮೇಲೆ ಎಲ್ಲವನ್ನೂ ಹೇಳಿದೆ — ನೀವು ಹೇಳಿದ್ದು ಕೇಳಿಸಿತ್ತು, ಬೇಕೆಂದೇ ಸುಳ್ಳು ಹೇಳಿದೆ, ನಿಮ್ಮ ಕೆಲಸ ತಿಂದೆ.

ಅವರು ಪೂರ್ತಿ ಕೇಳಿಸಿಕೊಂಡರು.

"ಇದನ್ನ ನನಗ ಯಾಕ ಹೇಳ್ತೀರಿ?" ಎಂದರು. "ನನಗ ಅವತ್ತ ಗೊತ್ತಿತ್ತಲ್ಲ. ಗೊತ್ತಿಲ್ಲದವ್ರಿಗೆ ಹೇಳ್ರಿ."

ಗಾಡಿ ಬಂತು. ಹತ್ತುವ ಮೊದಲು ತಿರುಗಿ, "ಹೇಳಿ ಆದ ಮ್ಯಾಲೆ ಮನೀಗೆ ಬರ್ರಿ, ರೊಟ್ಟಿ ಮಾಡ್ತೀನಿ," ಎಂದರು. ಆ ಮಾತು ಪಡೆಯಲು ನಾನು ಏನು ಪುಣ್ಯ ಮಾಡಿದ್ದೆನೋ ತಿಳಿಯದು. ಅವರಿಗೆ ನಾನು ಕೃತಜ್ಞ.

ಮೂರ್ತಿಯವರು ಈಗ ನಿವೃತ್ತರು. ಅವರ ಮನೆಗೆ ಹೋಗಿ ಹೇಳಿದೆ. ಹೆಂಡತಿಗೆ ಹೇಳಿದೆ. ಸೋಮವಾರ ಹೊಸ ತಂಡದ ಮುಂದೆ, ಪಾಠ ಶುರು ಮಾಡುವ ಮೊದಲು, ಈ ಪಾಠ ಯಾರದು, ಅವರಿಗೆ ನಾನು ಏನು ಮಾಡಿದೆ ಎಂಬುದನ್ನು ಹೆಸರು ಹಿಡಿದು ಹೇಳಿದೆ. ಕೊನೆಗೆ ಹಿಂದಿನ ಸಾಲಿನಿಂದ ಒಬ್ಬಳು ಕೇಳಿದಳು.

"ಹಾಗಾದ್ರೆ ಸಾರ್, ನೀವು ಕೂತಿರೋ ಕುರ್ಚಿ ಅವ್ರದ್ದು ತಾನೆ?"

"ಹೌದಮ್ಮಾ," ಎಂದೆ, "ಅವರದ್ದೇ."

ಎದ್ದು ನಿಂತು ಪಾಠ ಮಾಡಿದೆ.