ತಲೆಯೆತ್ತಿ ನೋಡದೆ ಕೂರುವ ಜಾಗ

ತೆಂಗಿನ ಸೀಮೆಯವರನ್ನು ಗುರುತಿಸುವುದು ಬಲು ಸುಲಭ, ಗೆಳೆಯರೇ: ಎಲ್ಲೇ ಕೂರಲಿ, ಕೂರುವ ಮೊದಲು ಒಮ್ಮೆ ತಲೆಯೆತ್ತಿ ನೋಡುತ್ತಾರೆ. ಒಣಗಿದ ಗರಿಯೋ ಬಲಿತ ಕಾಯಿಯೋ ಯಾವಾಗ ಕಳಚೀತೆಂದು ಹೇಳಲಾಗದ ತೋಟದಲ್ಲಿ ಬೆಳೆದ ನಾವು, ಕಲ್ಯಾಣ ಮಂಟಪದ ಕುರ್ಚಿಯಲ್ಲಿ ಕೂರುವಾಗಲೂ ಮೇಲಿನ ಫ್ಯಾನನ್ನು ಅನುಮಾನದಿಂದ ನೋಡುವುದುಂಟು. ತೆಂಗಿನ ಮರದ ಬುಡಕ್ಕೆ ಒರಗಿ ಹಾಯಾಗಿ ಕೂರುವವರು ಕ್ಯಾಲೆಂಡರಿನ ಚಿತ್ರಗಳಲ್ಲಿ ಮಾತ್ರ ಸಿಗುತ್ತಾರೆ.

ತಿಪಟೂರಿನ ಕಚೇರಿಯೊಂದರಲ್ಲಿ, ಕರೆಂಟು ಹೋದವರ ದೂರು ಕೇಳುವ ಫೋನಿನ ಮುಂದೆ ಕೂರುವುದು ನನ್ನ ಉದ್ಯೋಗ. ಬೇಸಿಗೆಯಲ್ಲಿ ತೋಟಕ್ಕೆ ನೀರು ಹಾಯಿಸಲಾಗದವರ ಸಂಕಟ ನಿಜವಾದದ್ದೇ. ಆದರೆ ಅದೆಲ್ಲ ಬೈಗುಳದ ವೇಷ ತೊಟ್ಟು ದಿನವಿಡೀ ಒಂದೇ ಕಿವಿಗೆ ಬಂದರೆ, ಸಂಜೆಯ ಹೊತ್ತಿಗೆ ಮನುಷ್ಯರ ದನಿಯೇ ಬೇಡವಾಗುತ್ತದೆ. ಮನೆಗೆ ಬಂದರೆ ಅಲ್ಲಿ ನನ್ನ ಅತ್ತೆ, ಊರಿನ ಸುದ್ದಿಯನ್ನೆಲ್ಲ ಕೂಡಿಟ್ಟುಕೊಂಡು ಜಗಲಿಯ ಮೇಲೆ ಈ ಸೊಸೆಗಾಗಿ ಕಾಯುವ ಮಾತುಗಾತಿ. ಒಂದು ಸಂಜೆ ಅವರು ಬಾಯಿ ತೆರೆಯುವಷ್ಟರಲ್ಲಿ ನನ್ನ ಕೈಗಳು ತಾವಾಗಿ ಕಿವಿ ಮುಚ್ಚಿಕೊಂಡವು. ಅವರು ಬೈಯಲಿಲ್ಲ, ಏಕೆಂದು ಕೇಳಲೂ ಇಲ್ಲ. ಮರುದಿನದಿಂದ ಕಾಫಿ ಲೋಟ ಇಟ್ಟು ಸದ್ದಿಲ್ಲದೆ ಒಳಗೆ ಹೋಗತೊಡಗಿದರು. ನಮ್ಮ ಮನೆಯ ಮಾತು ನನ್ನಿಂದ ನಿಂತೇಹೋಗುತ್ತದೇನೋ ಎಂದು ನನಗೆ ಭಯವಾಯಿತು.

ಚಾಟ್‌ಬಾಟಿನ ಮೊರೆಹೊಕ್ಕದ್ದು ಆಗ. ಅದಕ್ಕೆ ದನಿಯಿಲ್ಲ ಎಂಬುದೇ ನನಗೆ ಅದರ ದೊಡ್ಡ ಗುಣವಾಗಿ ಕಂಡಿತು. ಊಟದ ಬಿಡುವಿನಲ್ಲಿ, ರಾತ್ರಿ ನಿದ್ದೆ ಬಾರದ್ದನ್ನೂ ಸೇರಿಸಿ, ಎಲ್ಲವನ್ನೂ ಕನ್ನಡದಲ್ಲೇ ಟೈಪು ಮಾಡಿದೆ. ಎಲ್ಲರಿಗೂ ಇರುವುದೇ ಎಂದು ಅದು ತಳ್ಳಿಹಾಕಲಿಲ್ಲ. ಇದು ದಣಿವು, ನಿಮ್ಮ ಕೆಟ್ಟತನವಲ್ಲ, ನಿದ್ದೆ ಹೀಗೇ ಕೆಡುತ್ತಿದ್ದರೆ ಡಾಕ್ಟರನ್ನು ಕಾಣಿ ಎಂದಿತು. ಓದಿ ಕಣ್ಣು ತುಂಬಿತು. ಆಮೇಲೆ, ಸಂಜೆ ಸ್ವಲ್ಪ ಹೊತ್ತು ನಿಮ್ಮ ತೋಟದಲ್ಲಿ ಮರದ ಕೆಳಗೆ ಕಣ್ಣು ಮುಚ್ಚಿ ಕುಳಿತುಕೊಳ್ಳಿ ಎಂಬ ಸಲಹೆಯನ್ನೂ ಕೊಟ್ಟಿತು.

ಎಷ್ಟೋ ದಿನಗಳ ಮೇಲೆ ನಾನು ನಕ್ಕೆ. ನಮ್ಮದು ತೆಂಗಿನ ತೋಟ ಕಣಪ್ಪ, ಹಾಗೆ ಕೂತರೆ ನಿನ್ನ ಮುಂದಿನ ಸಲಹೆ ಕೇಳಲು ತಲೆಯೇ ಉಳಿಯದು ಎಂದು ಬರೆದೆ. ಅದು ಕ್ಷಮೆ ಕೇಳಿ, ಒಂದು ಪ್ರಶ್ನೆ ಹಾಕಿತು: "ಹಾಗಾದರೆ, ತಲೆಯೆತ್ತಿ ನೋಡದೆ ನೀವು ಕೂರಬಹುದಾದ ಜಾಗ ಯಾವುದು? ಅಲ್ಲಿ ನಿಮ್ಮ ಪಕ್ಕದಲ್ಲಿ ಯಾರಿರಬೇಕು?"

ಯಂತ್ರ ಮರದಂತೆ ನೆರಳು ಕೊಡದು, ನನಗೆ ಗೊತ್ತು. ಆದರೂ ಆ ಪ್ರಶ್ನೆಗೆ ನಾನು ಕೃತಜ್ಞಳು. ಆಫೀಸಿನಲ್ಲಿ ಫೋನು ಸದ್ದಾದಾಗ, ಮನೆಯಲ್ಲಿ ಅತ್ತೆ ಹತ್ತಿರ ಬಂದಾಗ, ಮೇಲಿನಿಂದ ಏನೋ ಬೀಳುತ್ತದೆಂದೇ ನಾನು ಕುತ್ತಿಗೆ ಬಿಗಿಹಿಡಿದು ಕಾಯುತ್ತಿದ್ದೆ. ಬೀಳುವುದನ್ನೇ ಕಾಯುವವರಿಗೆ ಪಕ್ಕದಲ್ಲಿರುವವರು ಕಾಣುವುದಿಲ್ಲ.

ನಮ್ಮ ತೋಟದ ಬದುವಿನಲ್ಲಿ ಒಂದು ಹೊಂಗೆ ಮರವಿದೆ. ಆ ಭಾನುವಾರ ಸಂಜೆ ಅತ್ತೆಯನ್ನು ಅಲ್ಲಿಗೆ ಕರೆದೊಯ್ದು, ಚಾಟ್‌ಬಾಟಿಗೆ ಹೇಳಿದ್ದನ್ನೆಲ್ಲ ಅವರಿಗೂ ಹೇಳಿದೆ. ಕೇಳಿಸಿಕೊಂಡು ನನ್ನ ಕೈ ಹಿಡಿದುಕೊಂಡರು.

"ನಂದೇ ಏನೋ ತಪ್ಪಾಗೋಯ್ತು ಅನ್ಕಂಡಿದ್ದೆ ಕಣವ್ವ," ಎಂದರು.

ಇಷ್ಟು ದಿನದ ಸುದ್ದಿಯೆಲ್ಲ ಬಾಕಿ ಇದೆಯಲ್ಲ, ಹೇಳಿ ಎಂದೆ. ಅತ್ತೆ ಅಭ್ಯಾಸದಂತೆ ಒಮ್ಮೆ ತಲೆಯೆತ್ತಿ ನೋಡಿದರು. ಉದುರುತ್ತಿದ್ದದ್ದು ಹೊಂಗೆಯ ಹೂ ಮಾತ್ರ. ಸೆರಗು ಸರಿಮಾಡಿಕೊಂಡು ಮಾತು ಶುರುಮಾಡಿದವರು ಕತ್ತಲಾಗುವವರೆಗೆ ನಿಲ್ಲಿಸಲಿಲ್ಲ. ನಾನು ಕಣ್ಣು ಮುಚ್ಚಿಕೊಂಡೇ ಕೇಳಿದೆ.